ದೊಡ್ಡಪ್ಪನ ಶಕ್ತಿಮಾನ್‌ಗೆ ಮನೆಯಲ್ಲೇ ಮಾಡಿದ ಎಲ್‌ಇಡಿ ಹೆಡ್‌ಲೈಟ್

ಕಾಫಿ ಕುಯ್ಲು ಶುರುವಾಗುವ ಹೊತ್ತಿಗೆ ಸಕಲೇಶಪುರದಿಂದ ದೊಡ್ಡಪ್ಪ ಫೋನ್ ಮಾಡಿದರು. "ಲಾರಿಗೆ ಕಣ್ಣೇ ಕಾಣಲ್ಲ ಕಣೋ. ನೀನು ಅದೇನೋ ಎಲೆಕ್ಟ್ರಾನಿಕ್ಸ್ ಓದಿದೀಯಲ್ಲ, ಬಂದು ಏನಾದ್ರೂ ಮಾಡು."

ಲಾರಿ ಅಂದರೆ ಶಕ್ತಿಮಾನ್. ಜರ್ಮನಿಯ ಮಾನ್ ಕಂಪನಿಯ ಲೈಸೆನ್ಸ್ ಪಡೆದು ಜಬಲ್ಪುರದಲ್ಲಿ ನಮ್ಮ ಸೈನ್ಯಕ್ಕಾಗಿ ಮಾಡುತ್ತಿದ್ದ ಗಾಡಿ. ಹೆಸರಿನೊಳಗೇ ಮಾನ್ ಕೂತಿದೆ ನೋಡಿ. ಸೈನ್ಯ ಹರಾಜಿಗೆ ಹಾಕಿದ ಗಾಡಿಗಳಿಗೆ ನಮ್ಮ ಮಲೆನಾಡಿನಲ್ಲಿ 'ಡಿಸ್ಪೋಸಲ್ ಗಾಡಿ' ಅಂತಲೇ ಹೆಸರು. ಜೀಪು, ಜೊಂಗಾ, ನಿಸಾನ್ ಒಂದು ಟನ್ನು, ಶಕ್ತಿಮಾನ್, ಹೀಗೆ ಎಷ್ಟೋ ಗಾಡಿಗಳು ನಿವೃತ್ತಿಯಾದ ಮೇಲೆ ತೋಟಕ್ಕೆ ಬಂದು ಗೊಬ್ಬರ, ಮರ, ಕಾಫಿ ಮೂಟೆ ಹೊತ್ತಿವೆ. ನಾಲ್ಕೂ ಚಕ್ರಕ್ಕೆ ಎಳೆತ ಇರುವುದರಿಂದ ಕೆಸರಿನ ಏರಿನಲ್ಲಿ ಇವನ್ನು ಮೀರಿಸುವ ಗಾಡಿ ಕಡಿಮೆ.

ದೊಡ್ಡಪ್ಪನ ಗಾಡಿ ತೋಟ ಬಿಟ್ಟು ಹೊರಗೆ ಹೋಗುವುದಿಲ್ಲ. ಸಂಜೆ ಆರರ ಮೇಲೆ ಕುಯ್ದ ಹಣ್ಣಿನ ಮೂಟೆ ತುಂಬಿಕೊಂಡು, ಆಳುಗಳನ್ನು ಲೈನ್ ಮನೆಗೆ ಬಿಟ್ಟು, ಕಣಕ್ಕೆ ವಾಪಸ್. ಮೂರು ಕಿಲೋಮೀಟರ್ ದಾರಿ. ನವೆಂಬರ್, ಡಿಸೆಂಬರ್‌ನಲ್ಲಿ ಮಂಜು ಬೇರೆ. ಸಕಲೇಶಪುರ, ಆಲೂರು ಕಡೆ ಆನೆ ಕಾಟ ಹೇಗಿದೆ ಅಂತ ಬಿಡಿಸಿ ಹೇಳಬೇಕಿಲ್ಲ. ತಿರುವಿನಲ್ಲಿ ನಿಂತಿರುವುದು ಬಂಡೆಯೋ ಆನೆಯೋ ಅಂತ ಇಪ್ಪತ್ತು ಅಡಿ ಹತ್ತಿರ ಹೋದ ಮೇಲೆ ಗೊತ್ತಾದರೆ ಏನು ಪ್ರಯೋಜನ?

ಮೊದಲ ದಿನ ಮಲ್ಟಿಮೀಟರ್ ಹಿಡಿದು ಹೋದೆ. ಹಳೆಯ ಲೈಟ್ ಯಾವತ್ತೋ ಹೋಗಿ, ಯಾರೋ ಏಳು ಇಂಚಿನ ಗುಂಡು ಡೂಮ್ (ರಿಫ್ಲೆಕ್ಟರ್, ಗಾಜು ಇರುವ ಲೈಟಿನ ಬಟ್ಟಲು) ಕೂರಿಸಿದ್ದರು. ಒಳಗೆ 24 ವೋಲ್ಟಿನ ಎಚ್4 ಬಲ್ಬು, ಅಂದರೆ ಹೈ, ಡಿಮ್ ಎರಡು ತಂತಿಯೂ ಒಂದರಲ್ಲೇ ಇರುವಂಥದ್ದು; ಹೈಗೆ 75, ಡಿಮ್‌ಗೆ 70 ವ್ಯಾಟ್. ಗಾಡಿಯಲ್ಲಿ 12 ವೋಲ್ಟಿನ ಎರಡು ಬ್ಯಾಟರಿ ಸೀರೀಸ್‌ನಲ್ಲಿವೆ. ಎಂಜಿನ್ ಓಡಿಸಿ ಲೈಟ್ ಹಾಕಿ ಅಳೆದೆ. ಬ್ಯಾಟರಿ ಮೇಲೆ 27.4 ವೋಲ್ಟ್. ಬಲ್ಬಿನ ಎರಡು ಕಾಲಿನ ನಡುವೆ 22.8.

ಉಳಿದ 4.6 ವೋಲ್ಟ್ ಎಲ್ಲಿ ಹೋಯಿತು? ಮೀಟರಿನ ಒಂದು ಕಡ್ಡಿ ಬಲ್ಬಿನ ಅರ್ತ್ ಕಾಲಿಗೆ, ಇನ್ನೊಂದು ಬ್ಯಾಟರಿ ನೆಗೆಟಿವ್‌ಗೆ ಇಟ್ಟೆ. ಅಲ್ಲಿ ಸೊನ್ನೆ ಬರಬೇಕು, ಬಂದಿದ್ದು 1.7. ಬಾಡಿ ಅರ್ತ್ ಬೋಲ್ಟು ತುಕ್ಕು ಹಿಡಿದು ಬಿಸ್ಕತ್ತಿನ ಹಾಗೆ ಉದುರುತ್ತಿತ್ತು. ಮಿಕ್ಕ 2.9 ವೋಲ್ಟ್ ಡ್ಯಾಶ್‌ಬೋರ್ಡ್ ಸ್ವಿಚ್ಚು ಮತ್ತು ಅದರ ಹಳೇ ವೈರಿನಲ್ಲಿ. ಐದು ಆಂಪಿಯರ್ ಹರಿಯುವ ಕಡೆ 2.9 ವೋಲ್ಟ್ ಹೋಗುತ್ತಿದೆ ಅಂದರೆ ಸುಮಾರು 15 ವ್ಯಾಟ್ ಸುಮ್ನೆ ಶಾಖವಾಗುತ್ತಿದೆ ಅಂತ ಅರ್ಥ. ಡ್ರೈವರಣ್ಣ ಹೇಳಿದರು, "ಚಳಿಗಾಲದಲ್ಲಿ ಆ ನಾಬ್ ಮುಟ್ಟಿದ್ರೆ ಕೈ ಬೆಚ್ಚಗಾಗುತ್ತೆ ಸ್ವಾಮಿ. ನಾನು ಅದು ಹಾಗೇ ಇರೋದು ಅಂದ್ಕೊಂಡಿದ್ದೆ."

ತಂತಿ ಬಲ್ಬಿನ ಒಂದು ಗುಣ ಇಲ್ಲಿ ತಿಳಿದಿರಬೇಕು. ವೋಲ್ಟೇಜ್ ಕಡಿಮೆಯಾದರೆ ಬೆಳಕು ಅದೇ ಅಳತೆಯಲ್ಲಿ ಇಳಿಯುವುದಿಲ್ಲ, ದಬಕ್ಕನೆ ಬೀಳುತ್ತದೆ. ಹೆಚ್ಚುಕಡಿಮೆ ವೋಲ್ಟೇಜಿನ 3.4ನೇ ಘಾತದ ಲೆಕ್ಕ. 24 ವೋಲ್ಟಿನ ಎಚ್4 ಬಲ್ಬಿನ ಬೆಳಕನ್ನು ಅಳೆಯುವುದು 28 ವೋಲ್ಟಿನಲ್ಲಿ: ಹೈ ಬೀಮ್ 1900 ಲ್ಯೂಮೆನ್, ಡಿಮ್ 1200. 22.8 ಸಿಕ್ಕರೆ ಅದರ ಅರ್ಧ. ಅರ್ಧ ಬೆಳಕು ವೈರಿನಲ್ಲೇ ಕಳೆದುಹೋಗುತ್ತಿತ್ತು.

ಹಾಗಾಗಿ ಎಲ್‌ಇಡಿ ಮಾತು ಪಕ್ಕಕ್ಕಿಟ್ಟು ಮೊದಲು ವೈರಿಂಗ್ ಮಾಡಿದೆ. ಬ್ಯಾಟರಿಯಿಂದ ನೇರ 2.5 ಚದರ ಮಿಲಿಮೀಟರ್ ವೈರ್, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್, 24 ವೋಲ್ಟ್ ಕಾಯಿಲಿನ ಎರಡು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್ಚು). ಒಂದು ಡಿಮ್‌ಗೆ, ಒಂದು ಹೈಗೆ. ಹಳೆಯ ಸ್ವಿಚ್ಚಿಗೆ ಈಗ ರಿಲೇ ಎಳೆಯುವ ಕೆಲಸ ಮಾತ್ರ. ಅರ್ತ್‌ಗೂ ಬೇರೆ ವೈರ್ ಎಳೆದು, ಚಾಸಿಯನ್ನು ಉಪ್ಪುಕಾಗದದಲ್ಲಿ ಉಜ್ಜಿ ಬಿಳಿ ಲೋಹ ಕಾಣಿಸಿ, ಲಗ್ ಹಾಕಿ ಬಿಗಿದು ಮೇಲೆ ಗ್ರೀಸ್ ಸವರಿದೆ. ಬಲ್ಬಿಗೆ 26.9 ವೋಲ್ಟ್ ಬಂತು.

ಬೆಳಕು ಅಳೆಯುವ ಮೊಬೈಲಿನ ಲಕ್ಸ್ ಆ್ಯಪ್‌ನಲ್ಲಿ ಹತ್ತು ಮೀಟರ್ ದೂರದಿಂದ ಹೈ ಬೀಮ್ ಅಳೆದೆ. ಈ ಆ್ಯಪ್ ಹೇಳುವ ಸಂಖ್ಯೆಯನ್ನು ಹಾಗೇ ನಂಬಬೇಡಿ, ಮೊದಲು ಎಷ್ಟಿತ್ತು ಆಮೇಲೆ ಎಷ್ಟಾಯಿತು ಅಂತ ಹೋಲಿಸಲು ಮಾತ್ರ ಸರಿ. ವೈರಿಂಗ್‌ಗೆ ಮೊದಲು 140. ಆಮೇಲೆ 240. ಖರ್ಚು ಸಾವಿರ ರೂಪಾಯಿಯೂ ದಾಟಲಿಲ್ಲ.

ದೊಡ್ಡಪ್ಪ ಅಲ್ಲಿಗೇ ಖುಷಿ. ನಾನು ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಮೂರು ತೊಂದರೆ ಉಳಿದಿದ್ದವು. ಈ ಗಾಡಿಯ ಪಟ್ಟಾ (ಚಕ್ರದ ಮೇಲಿನ ಸ್ಪ್ರಿಂಗ್ ಪಟ್ಟಿ) ಕಲ್ಲಿನ ಹಾಗೆ ಗಟ್ಟಿ, ಅದರ ಕುಲುಕಾಟಕ್ಕೆ ಬಲ್ಬಿನ ತಂತಿ ತಿಂಗಳಿಗೊಂದು ಹೋಗುತ್ತಿತ್ತು. ಮೂಟೆ ತುಂಬುವಾಗ ಎಂಜಿನ್ ನಿಲ್ಲಿಸಿ ಲೈಟ್ ಹಾಕಿಡುತ್ತಾರೆ, 150 ವ್ಯಾಟ್ ಬ್ಯಾಟರಿ ಹೀರುತ್ತದೆ. ಎಲ್ಲಕ್ಕಿಂತ ಮುಖ್ಯ, ಡೂಮ್ ಒಳಗಿನ ಬೆಳ್ಳಿ ಬಣ್ಣ ಸುಲಿದು ಬೆಳಕು ಎಲ್ಲೆಂದರಲ್ಲಿ ಚೆಲ್ಲುತ್ತಿತ್ತು. ಮಂಜಿನಲ್ಲಿ ಮೇಲಕ್ಕೆ ಹೋದ ಬೆಳಕೆಲ್ಲ ಹನಿಗಳಿಗೆ ತಾಗಿ ನಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಬೆಳಕು ಜಾಸ್ತಿ ಮಾಡಿದಷ್ಟೂ ಎದುರಿಗೆ ಬಿಳಿ ಗೋಡೆ.

ಅದೇ ಡೂಮ್‌ಗೆ ಎಲ್‌ಇಡಿ ಬಲ್ಬ್ ಹಾಕಿದರೆ ಆಗಲ್ವಾ ಅಂತ ಕೇಳುತ್ತೀರಿ. ಎಚ್4 ಬಲ್ಬಿನಲ್ಲಿ ಡಿಮ್ ತಂತಿಯ ಕೆಳಗೆ ಒಂದು ಪುಟ್ಟ ಲೋಹದ ಬಟ್ಟಲಿದೆ. ಅದು ಕೆಳಗೆ ಹೋಗುವ ಬೆಳಕನ್ನು ತಡೆದು ರಿಫ್ಲೆಕ್ಟರಿನ ಮೇಲರ್ಧ ಮಾತ್ರ ಬಳಸುತ್ತದೆ. ತಂತಿ ಎಲ್ಲಿರಬೇಕು ಅನ್ನುವುದು ಮಿಲಿಮೀಟರ್ ಲೆಕ್ಕ. ದಪ್ಪ ಎಲ್‌ಇಡಿ ಬಲ್ಬು ಆ ಜಾಗದಲ್ಲಿ ಸರಿಯಾಗಿ ಕೂರುವುದು ಅಪರೂಪ. ಅಗ್ಗದ ರೆಡಿಮೇಡ್ ಏಳಿಂಚಿನ ಲೈಟನ್ನೂ ಒಂದು ಜೊತೆ ತಂದು ನೋಡಿದ್ದೆವು. ಮೊದಲ ಮಳೆಗೇ ಒಳಗೆ ನೀರಾಡಿತು. ಒಳ್ಳೆಯ ಕಂಪನಿಯದ್ದು ಸಿಗುವುದಾದರೆ ಅದನ್ನೇ ಕೊಳ್ಳಿ, ನಿಜವಾಗಿ ಹೇಳುತ್ತಿದ್ದೇನೆ. ನನಗೆ ಮಾಡಿ ನೋಡುವ ಚಪಲ, ಅಷ್ಟೇ.

ಲೆಕ್ಕ ಹೀಗೆ ಹಾಕಿದೆ. ಕ್ರೀ ಎಕ್ಸ್‌ಎಂ-ಎಲ್2 ಎಲ್‌ಇಡಿ, 20 ಮಿಲಿಮೀಟರ್ ಸ್ಟಾರ್ (ಎಲ್‌ಇಡಿ ಬೆಸೆದಿರುವ ಪುಟ್ಟ ಲೋಹದ ಬಿಲ್ಲೆ) ಮೇಲೆ ಕೂತು ಬರುವಂಥದ್ದು. ಇದು 3 ಆಂಪಿಯರ್ ತಡೆಯುತ್ತದೆ, ಆದರೆ ನಾನು 1 ಆಂಪಿಯರ್‌ಗಿಂತ ಸ್ವಲ್ಪ ಕಡಿಮೆಯಲ್ಲೇ ಓಡಿಸುತ್ತೇನೆ. ಆಗ ಒಂದೊಂದು ಸುಮಾರು 3 ವೋಲ್ಟ್ ತಿಂದು 350 ಲ್ಯೂಮೆನ್ ಆಸುಪಾಸು ಕೊಡುತ್ತದೆ. ಐದನ್ನು ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೆ ಒಂದು ಜೋಡಿಸಿದರೆ 15 ವೋಲ್ಟ್, 14 ವ್ಯಾಟ್. ಆರು ಹಾಕುವ ಆಸೆಯಿತ್ತು, ಆದರೆ ಆರಕ್ಕೇ 18 ವೋಲ್ಟ್ ಬೇಕು; ಸೆಲ್ಫ್ ಹೊಡೆದಾಗ ಬ್ಯಾಟರಿ 18ಕ್ಕೆ ಇಳಿಯುತ್ತಿತ್ತು, ಲೈಟ್ ಮಿಣುಕುತ್ತಿತ್ತು. ಒಂದು ಲೈಟಿಗೆ ಹತ್ತು ಎಲ್‌ಇಡಿ: ಐದು ಡಿಮ್‌ಗೆ, ಹೈ ಹಾಕಿದಾಗ ಇನ್ನೈದು ಸೇರಿಕೊಳ್ಳುತ್ತವೆ. ಬಣ್ಣ 4000 ಕೆಲ್ವಿನ್, ಅಂದರೆ ಸ್ವಲ್ಪ ಹಳದಿ ಬಿಳುಪು. ನೀಲಿ ಬಿಳುಪಿನ 6500 ಬೇಡ ಅಂದಿದ್ದು ನಾನಲ್ಲ, ಡ್ರೈವರಣ್ಣ. ಮಳೆಯಲ್ಲಿ ಕೆಂಪು ಮಣ್ಣಿನ ದಾರಿಯ ಗುಂಡಿ ಅದರಲ್ಲಿ ಕಾಣುವುದಿಲ್ಲವಂತೆ.

ಎಲ್‌ಇಡಿ, ಲೆನ್ಸ್ ಎಲ್ಲ ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದೆ. ರಿಲೇ, ಡೂಮ್‌ನ ಖಾಲಿ ಬಟ್ಟಲು, ರಬ್ಬರ್ ಗ್ಯಾಸ್ಕೆಟ್ ಜೆ.ಸಿ. ರೋಡಿನಲ್ಲಿ. ಹೀಟ್‌ಸಿಂಕ್‌ಗೆ ದುಡ್ಡು ಕೊಡಲಿಲ್ಲ. ಹಳೆಯ ಆಂಪ್ಲಿಫೈಯರ್ ಒಂದು ಗುಜರಿಯಲ್ಲಿ ಸಿಕ್ಕಿತು, ಅದರ ರೆಕ್ಕೆ ರೆಕ್ಕೆ ಅಲ್ಯೂಮಿನಿಯಂ ಕತ್ತರಿಸಿಕೊಂಡೆ. 6 ಮಿಲಿಮೀಟರ್ ದಪ್ಪದ ಎರಡು ಅಲ್ಯೂಮಿನಿಯಂ ಬಿಲ್ಲೆಗಳನ್ನು ಲೇತ್ ಅಂಗಡಿಯವರು 150 ಮಿಲಿಮೀಟರ್‌ಗೆ ಗುಂಡಗೆ ಮಾಡಿಕೊಟ್ಟರು.

ಎಲ್‌ಇಡಿ ಕೂರಿಸುವ ಕೆಲಸ ನಿಧಾನದ್ದು. ಬಿಲ್ಲೆಯ ಮೇಲೆ ಮೂರು, ನಾಲ್ಕು, ಮೂರು ಅಂತ ಸಾಲು ಗುರುತು ಮಾಡಿ, ಸ್ಟಾರ್ ಒಂದಕ್ಕೆ ಎರಡು ತೂತು ಕೊರೆದು, ಸ್ಕ್ರೂ ಹಿಡಿಯಲು ಒಳಗೆ ಮರೆ ಕೊರೆಯುವ ಟ್ಯಾಪ್ ಹೊಡೆದೆ. ಟ್ಯಾಪ್ ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಸೀಮೆಎಣ್ಣೆ ಹನಿ. ಆತುರಪಟ್ಟು ಒಂದು ಟ್ಯಾಪ್ ಮುರಿದು ಒಳಗೇ ಉಳಿಯಿತು, ಆ ತೂತು ಬಿಟ್ಟು ಪಕ್ಕದಲ್ಲಿ ಕೊರೆದೆ. ಥರ್ಮಲ್ ಪೇಸ್ಟ್ ಅನ್ನು ರೊಟ್ಟಿಗೆ ಬೆಣ್ಣೆ ಹಚ್ಚಿದ ಹಾಗೆ ಹಚ್ಚಬಾರದು. ಸ್ಟಾರ್ ಒತ್ತಿ ಸ್ವಲ್ಪ ತಿರುಗಿಸಿದಾಗ ಅಂಚಿನಲ್ಲಿ ಕೂದಲೆಳೆಯಷ್ಟು ಹೊರಬಂದರೆ ಸಾಕು. ಬೆಸುಗೆ ಹಾಕಿದ ಮೇಲೆ ಮೀಟರನ್ನು ಬೀಪ್‌ಗೆ ಇಟ್ಟು ಪ್ರತಿ ಕಾಲನ್ನೂ ಬಿಲ್ಲೆಗೆ ಮುಟ್ಟಿಸಿ ನೋಡಿ. ಎಲ್ಲೂ ಕೂಗಬಾರದು. ನನ್ನದರಲ್ಲಿ ಏಳನೆಯದು ಕೂಗಿತು: ಸ್ಕ್ರೂ ತಲೆ ಪಾಸಿಟಿವ್ ಪ್ಯಾಡಿಗೆ ತಾಗುತ್ತಿತ್ತು. ಕೆಳಗೊಂದು ನೈಲಾನ್ ವಾಷರ್ ಹಾಕಿದೆ.

ಇನ್ನು ಡ್ರೈವರ್ ಬೋರ್ಡ್, ಅಂದರೆ ಎಲ್‌ಇಡಿಗೆ ಹದವಾದ ಕರೆಂಟ್ ಕೊಡುವ ಸರ್ಕ್ಯೂಟ್. ನಾನು ಮುಗ್ಗರಿಸಿದ್ದು ಇಲ್ಲಿ. ಅಂಗಡಿಯಲ್ಲಿ 40 ವೋಲ್ಟ್ ತಡೆಯುವ ಬೋರ್ಡ್ ಸಿಕ್ಕಿತು. 28ಕ್ಕೆ 40 ಧಾರಾಳ ಅಲ್ವಾ ಅಂತ ಹಾಕಿದೆ. ಮನೆಯ ಮೇಜಿನ ಮೇಲೆ ಎರಡು ಗಂಟೆ ಚಿನ್ನದಂತೆ ಉರಿಯಿತು. ಗಾಡಿಗೆ ಕಟ್ಟಿ, ಲೈಟ್ ಹಾಕಿಟ್ಟೇ ಡ್ರೈವರಣ್ಣ ಸೆಲ್ಫ್ ಹೊಡೆದರು. ಟಪ್ ಅಂತ ಸಣ್ಣ ಶಬ್ದ, ಆಮೇಲೆ ಸುಟ್ಟ ವಾಸನೆ. ಎರಡೂ ಕಡೆ ಒಟ್ಟಿಗೇ ಹೋಯಿತು.

ಹಳೇ ಗಾಡಿಯ ಕರೆಂಟು ಬಾವಿ ನೀರಿನ ಹಾಗೆ ನಿಂತ ನೀರಲ್ಲ, ಮಳೆಗಾಲದ ಹೊಳೆ. ಸೆಲ್ಫಿನ ಸೊಲೆನಾಯ್ಡ್ ಬಿಟ್ಟಾಗ, ಹಾರ್ನ್ ನಿಲ್ಲಿಸಿದಾಗ ಕಾಯಿಲಿನಲ್ಲಿದ್ದ ಶಕ್ತಿ ಒಂದು ಕ್ಷಣ ಮೇಲೆ ಚಿಮ್ಮುತ್ತದೆ. ಬ್ಯಾಟರಿ ವೈರ್ ಸಡಿಲವಾಗಿ ಆಲ್ಟರ್ನೇಟರ್ ಓಡುತ್ತಿದ್ದರೆ ಇನ್ನೂ ಅನಾಹುತ. ಹೀಗೆ ಚಿಮ್ಮುವ ವೋಲ್ಟೇಜನ್ನು ತಡೆಯುವ ಟಿವಿಎಸ್ ಡಯೋಡ್ ಹಾಕಿದರೆ ಸಾಕು ಅಂತ ಅಂದುಕೊಂಡಿದ್ದೆ. ಆದರೆ 24 ವೋಲ್ಟ್ ಗಾಡಿಗೆ ಹೊಂದುವ ಎಸ್‌ಎಂಸಿಜೆ33ಎ ಪೂರ್ತಿ ಏಟು ಬಿದ್ದಾಗ 53 ವೋಲ್ಟಿನವರೆಗೂ ಬಿಟ್ಟುಕೊಡುತ್ತದೆ. 40 ವೋಲ್ಟಿನ ಬೋರ್ಡಿಗೆ ಅದು ಕಾವಲೇ ಅಲ್ಲ. ಕಾವಲುಗಾರ ಎಷ್ಟಕ್ಕೆ ತಡೆಯುತ್ತಾನೆ, ಮನೆಯ ಬಾಗಿಲು ಎಷ್ಟಕ್ಕೆ ಮುರಿಯುತ್ತದೆ, ಎರಡನ್ನೂ ಡೇಟಾಶೀಟಿನಲ್ಲಿ ಒಟ್ಟಿಗೆ ನೋಡಬೇಕು.

ಎರಡನೇ ಸಲ 75 ವೋಲ್ಟ್ ತಡೆಯುವ ಎಲ್‌ಎಂ3404ಎಚ್‌ವಿ ಚಿಪ್ ತಂದೆ. ಎಂಟು ಕಾಲಿನ ಪುಟ್ಟ ಚಿಪ್, 1 ಆಂಪಿಯರ್ ಕೊಡುತ್ತದೆ, ಸ್ವಿಚ್ ಒಳಗೇ ಇದೆ. 100 ವೋಲ್ಟಿನ ಶಾಟ್ಕಿ ಡಯೋಡ್, ಒಂದು ಕಾಯಿಲ್, ಕರೆಂಟ್ ಅಳೆಯಲು 0.24 ಓಂ ರೆಸಿಸ್ಟರ್. ಮುಂದೆ ಫ್ಯೂಸ್, ಅದರ ಹಿಂದೆ ಅದೇ ಟಿವಿಎಸ್. ಈಗ 53ಕ್ಕೆ ತಡೆದರೂ 75ರ ಬಾಗಿಲು ಗಟ್ಟಿ ನಿಲ್ಲುತ್ತದೆ. ಡ್ರೈವರಣ್ಣನಿಗೆ ಹತ್ತು ಸಲ ಸೆಲ್ಫ್ ಹೊಡೆಯಿರಿ, ಹಾರ್ನ್ ಹೊಡೆಯಿರಿ ಅಂದೆ. ತೋಟದ ನಾಯಿಗಳೆಲ್ಲ ಬಂದು ಬೊಗಳಿದವು. ಲೈಟ್ ಅಲುಗಲಿಲ್ಲ.

ಆದರೆ ರೇಡಿಯೊ ಹೋಯಿತು. ಲೈಟ್ ಹಾಕಿದ ಕೂಡಲೇ ಹಾಸನ ಆಕಾಶವಾಣಿಯ ಬದಲು ಎಣ್ಣೆಗೆ ಸಾಸಿವೆ ಹಾಕಿದ ಸದ್ದು. ಈ ಬೋರ್ಡುಗಳು ಸೆಕೆಂಡಿಗೆ ಲಕ್ಷಾಂತರ ಸಲ ಆನ್ ಆಫ್ ಆಗುತ್ತವೆ, ಉದ್ದದ ವೈರೇ ಏರಿಯಲ್ ಆಗಿಬಿಡುತ್ತದೆ. ಬೋರ್ಡನ್ನು ತಗಡಿನ ಡಬ್ಬಿಗೆ ಹಾಕಿ ಡಬ್ಬಿಗೆ ಅರ್ತ್ ಕೊಟ್ಟೆ. ಹೋಗುವ ಬರುವ ವೈರನ್ನು ಜಡೆಯಂತೆ ಹೆಣೆದೆ. ಒಳಬರುವ ಕಡೆ ಫೆರೈಟ್ ಬಳೆಯೊಳಗೆ ನಾಲ್ಕು ಸುತ್ತು ಹಾಕಿದೆ. ಈಗ ಸಣ್ಣ ಗುಂಯ್ ಇದೆ, ವಾರ್ತೆ ಕೇಳುತ್ತದೆ.

ಶಾಖದ ವಿಷಯದಲ್ಲೂ ಒಂದು ಪಾಠ ಆಯಿತು. ಎಲ್‌ಇಡಿ ತಣ್ಣಗಿರುತ್ತದೆ ಅಂತ ಜನ ಹೇಳುತ್ತಾರೆ. ಮುಂದೆ ಬರುವ ಬೆಳಕಿನಲ್ಲಿ ಬಿಸಿಯಿಲ್ಲ, ನಿಜ. ಬೆನ್ನಿನಲ್ಲಿದೆ. ಹೈ ಬೀಮಿನ 28 ವ್ಯಾಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಶಾಖವೇ. ಮೊದಲು ಹೀಟ್‌ಸಿಂಕನ್ನು ಡೂಮ್ ಬಟ್ಟಲಿನ ಒಳಗೇ ಇಟ್ಟಿದ್ದೆ. 40 ನಿಮಿಷಕ್ಕೆ ಬಿಲ್ಲೆ 86 ಡಿಗ್ರಿ, ಇನ್ನೂ ಏರುತ್ತಿತ್ತು. ಗಾಳಿ ಆಡದ ಡಬ್ಬಿಯಲ್ಲಿ ಎಷ್ಟು ರೆಕ್ಕೆ ಇದ್ದರೂ ಅಷ್ಟೇ. ಗ್ರೈಂಡರಿನಲ್ಲಿ ಬಟ್ಟಲಿನ ಬೆನ್ನು ಕೊಯ್ದು ರೆಕ್ಕೆಗಳನ್ನು ಮಡ್‌ಗಾರ್ಡ್ ಕಡೆ ಹೊರಗೆ ಬಿಟ್ಟೆ. 54 ಡಿಗ್ರಿಗೆ ನಿಂತಿತು. ಚಕ್ರದ ಕೆಸರು ಹಾರದಂತೆ ಹಳೇ ಟ್ಯೂಬಿನ ರಬ್ಬರ್ ಪರದೆ ಕಟ್ಟಿದ್ದೇನೆ.

ಎಲ್ಲ ಮುಗಿಯಿತು ಅಂದುಕೊಂಡು ಗಾಜನ್ನು ಸಿಲಿಕೋನ್ ಹಾಕಿ ಮುಚ್ಚಿದೆ. ವಿನೆಗರ್ ವಾಸನೆಯ ಮಾಮೂಲಿ ಸಿಲಿಕೋನ್, ಅಡುಗೆಮನೆ ಸಿಂಕಿಗೆ ಹಾಕುವಂಥದ್ದು. ಮೂರು ವಾರಕ್ಕೆ ಎಡಗಡೆ ಲೈಟ್ ಮಂಕಾಗಿ ಹಳದಿ ತಿರುಗಿತು. ಬಿಚ್ಚಿ ನೋಡಿದರೆ ಎಲ್‌ಇಡಿಯ ಗುಮ್ಮಟಗಳು ಕಾಫಿ ಡಿಕಾಕ್ಷನ್ ತೊಟ್ಟಿಕ್ಕಿದ ಹಾಗೆ ಕಂದು. ಆ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲದ ಆವಿ ಬಿಡುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಅದಕ್ಕೆ ಹೋಗಲು ದಾರಿ ಇಲ್ಲ. ಐದು ಎಲ್‌ಇಡಿ ಕಿತ್ತು ಹೊಸದು ಹಾಕಬೇಕಾಯಿತು. ವಾಸನೆ ಬಾರದ ನ್ಯೂಟ್ರಲ್ ಸಿಲಿಕೋನ್ ಕೇಳಿ ತನ್ನಿ. ಅದನ್ನೂ ಹಾಕಿ ಎರಡು ದಿನ ಗಾಳಿಗೆ ಬಿಟ್ಟು ಆಮೇಲೆ ಮುಚ್ಚಿ. ನಮ್ಮ ಮಳೆಗೆ ಪೂರ್ತಿ ಮುಚ್ಚಿದ ಲೈಟೂ ಒಂದಲ್ಲ ಒಂದು ದಿನ ಬಿಸಿ ಆರಿ ತೇವ ಎಳೆದುಕೊಳ್ಳುತ್ತದೆ. ಅದಕ್ಕೇ ಕೆಳಮುಖವಾಗಿ ಒಂದು ಸಣ್ಣ ಟ್ಯೂಬ್ ಬಿಟ್ಟಿದ್ದೇನೆ, ಉಸಿರಾಡಲಿ ಅಂತ.

ಬೆಳಕು ಎಲ್ಲಿ ಬೀಳಬೇಕು ಅನ್ನುವುದನ್ನು ಕಣದಲ್ಲಿ ತೀರ್ಮಾನಿಸಿದೆವು. ಡಿಮ್‌ನ ಮೂರು ಎಲ್‌ಇಡಿಗೆ ಅಡ್ಡ ಹರಡುವ ಲೆನ್ಸ್, ಎರಡಕ್ಕೆ 10 ಡಿಗ್ರಿಯ ಮೊನೆ ಬೆಳಕು. ಹೈ ಬೀಮಿನ ಐದಕ್ಕೂ 10 ಡಿಗ್ರಿ. ಇಂಥ ಪುಟ್ಟ ಲೆನ್ಸು ಕಾರ್ಖಾನೆಯ ಲೈಟಿನ ಹಾಗೆ ಗೆರೆ ಕೊಯ್ದಂತೆ ಬೆಳಕು ಕತ್ತರಿಸುವುದಿಲ್ಲ. ಅದಕ್ಕೆ ಲೈಟಿನ ಮೇಲಂಚಿಗೆ ತಗಡಿನ ಹುಬ್ಬು ಮಾಡಿ ಒಳಗೆ ಕಪ್ಪು ಬಣ್ಣ ಹೊಡೆದೆ. ಯುದ್ಧದ ಕಾಲದಲ್ಲಿ ವಿಮಾನಕ್ಕೆ ಕಾಣದಿರಲಿ ಅಂತ ಮಿಲಿಟರಿ ಗಾಡಿಗಳ ಲೈಟಿಗೆ ಮುಸುಕು ಹಾಕುತ್ತಿದ್ದರಲ್ಲ, ನಮ್ಮದು ಮಂಜಿಗೆ.

ಗೋಡೌನ್ ಗೋಡೆಯಿಂದ ಹತ್ತು ಮೀಟರ್ ದೂರದಲ್ಲಿ ಲಾರಿ ನಿಲ್ಲಿಸಿ, ಲೈಟಿನ ನಡುಮಧ್ಯ ನೆಲದಿಂದ ಎಷ್ಟು ಎತ್ತರವೋ ಅಷ್ಟಕ್ಕೆ ಗೋಡೆ ಮೇಲೆ ಸೀಮೆಸುಣ್ಣದ ಗೆರೆ ಎಳೆದೆ. ಅದರ 15 ಸೆಂಟಿಮೀಟರ್ ಕೆಳಗೆ ಇನ್ನೊಂದು. ಡಿಮ್‌ನ ಮೇಲಂಚು ಕೆಳಗಿನ ಗೆರೆಗೆ ಬರುವವರೆಗೆ ಬೋಲ್ಟ್ ತಿರುಗಿಸಿದೆ. ಹಿಂದೆ ಐದಾರು ಮೂಟೆ ಹಾಕಿಸಿ ಇನ್ನೊಮ್ಮೆ ನೋಡಿ, ಭಾರಕ್ಕೆ ಮೂತಿ ಮೇಲೇಳುತ್ತದೆ.

ಈ ಕೆಲಸವನ್ನು ಸಾರ್ವಜನಿಕ ರಸ್ತೆಗೆ ಹೋಗುವ ಗಾಡಿಗೆ ಮಾಡಬೇಡಿ. ಕಂಪನಿ ಕೊಟ್ಟ ರೂಪದಿಂದ ಗಾಡಿಯನ್ನು ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಎದುರಿಗೆ ಬರುವವರ ಕಣ್ಣಿಗೂ ಅಡ್ಡ.

ಕೊನೆಗೆ ಅದೇ ಹತ್ತು ಮೀಟರಿನಲ್ಲಿ ಹೈ ಬೀಮ್ ಅಳೆದೆ. 260. ಹೌದು, ವೈರಿಂಗ್ ಸರಿಮಾಡಿದ ಹಳೇ ಬಲ್ಬು 240 ಕೊಟ್ಟಿತ್ತು. ಎರಡು ತಿಂಗಳ ಶನಿವಾರ ಭಾನುವಾರ, ಸುಟ್ಟ ಬೋರ್ಡು, ಕಂದಿದ ಎಲ್‌ಇಡಿ, ಎಲ್ಲದರ ಲಾಭ ಆ ಆ್ಯಪ್ ಪ್ರಕಾರ 20. ಹೊಸ ರಿಫ್ಲೆಕ್ಟರ್ ಹಾಕಿದ್ದರೆ ಹಳೇ ಬಲ್ಬೇ ನನ್ನ ಲೈಟಿಗಿಂತ ದೂರ ಹೊಡೆಯುತ್ತಿತ್ತು. ಏಳಿಂಚಿನ ರಿಫ್ಲೆಕ್ಟರ್ ಬೆಳಕನ್ನು ಹಿಡಿದು ಎಸೆಯುವಷ್ಟು ದೂರಕ್ಕೆ 20 ಮಿಲಿಮೀಟರಿನ ಲೆನ್ಸ್ ಎಸೆಯಲಾರದು.

ದೊಡ್ಡಪ್ಪನಿಗೆ ಈ ಸಂಖ್ಯೆ ಹೇಳಲು ಸ್ವಲ್ಪ ನಾಚಿಕೆಯಾಯಿತು. ಅವರಿಗೆ ಅದು ಬೇಕಿರಲಿಲ್ಲ. ಮಂಜು ಕವಿದ ಒಂದು ಸಂಜೆ ಡ್ರೈವರಣ್ಣನ ಪಕ್ಕ ಕೂತು ಒಂದು ಸುತ್ತು ಹೋಗಿ ಬಂದರು. ನಾನು ಹಿಂದೆ ಮೂಟೆ ಮೇಲೆ. ಡಿಮ್‌ನಲ್ಲಿ ದಾರಿಯ ಎರಡೂ ಅಂಚು, ಚರಂಡಿ, ಸಿಲ್ವರ್ ಓಕ್ ಮರಗಳ ಬುಡದ ಮೆಣಸಿನ ಬಳ್ಳಿ ನೆಲದ ಮೇಲೆ ಚಾಪೆ ಹಾಸಿದ ಹಾಗೆ ಕಾಣುತ್ತಿತ್ತು. ಅದರ ಮೇಲೆ ಕತ್ತಲೆ. ಬಿಳಿ ಗೋಡೆ ಇರಲಿಲ್ಲ. ಇಳಿದವರೇ, "ಮಾರಾಯ, ನಮ್ಮ ದಾರಿ ಇಷ್ಟು ಅಗಲ ಇದೆ ಅಂತ ಈಗ ಗೊತ್ತಾಯ್ತು ನೋಡು" ಅಂದರು. ಆಮೇಲೆ ಕೇಳಿದ್ದು ಒಂದೇ. "ಎಂಜಿನ್ ಆಫ್ ಮಾಡಿ ಎಷ್ಟು ಹೊತ್ತು ಹಾಕಿಡಬಹುದು?" ಡಿಮ್‌ನಲ್ಲಿ ಎರಡೂ ಸೇರಿ 30 ವ್ಯಾಟ್ ಚಿಲ್ಲರೆ, ಮೂಟೆ ತುಂಬುವವರೆಗೆ ಆರಾಮಾಗಿ ಇರುತ್ತೆ ಅಂದೆ.

ಒಂದು ಎಲ್‌ಇಡಿ ಮಿಕ್ಕಿತ್ತು. ಮಿಲಿಟರಿ ಗಾಡಿಗಳ ಹಿಂದಿನ ಡಿಫರೆನ್ಶಿಯಲ್‌ಗೆ ಬಿಳಿ ಬಣ್ಣ ಬಳಿದು, ಅದರ ಮೇಲೆ ಬೀಳುವಂತೆ ಒಂದು ಪುಟ್ಟ ದೀಪ ಇಟ್ಟಿರುತ್ತಾರೆ. ಹೆಡ್‌ಲೈಟ್ ಆರಿಸಿ ಸಾಲಾಗಿ ಹೋಗುವಾಗ ಹಿಂದಿನ ಡ್ರೈವರ್ ಆ ಬಿಳಿ ಗುಂಡನ್ನೇ ನೋಡಿಕೊಂಡು ಬರಬೇಕು. ನಮ್ಮ ಲಾರಿಯ ಅಡಿಯಲ್ಲೂ ಆ ದೀಪದ ಖಾಲಿ ಗೂಡು ತುಕ್ಕು ಹಿಡಿದು ಕೂತಿತ್ತು. ಸಣ್ಣ ಕರೆಂಟಿನಲ್ಲಿ ಆ ಎಲ್‌ಇಡಿಯನ್ನು ಅಲ್ಲಿ ಕೂರಿಸಿದೆ. ಮರುದಿನ ಬೆಳಿಗ್ಗೆ ನೋಡಿದರೆ ದೊಡ್ಡಪ್ಪ ಲಾರಿಯಡಿ ಗೋಣಿಚೀಲ ಹಾಸಿ ಮಲಗಿದ್ದಾರೆ, ಕೈಯಲ್ಲಿ ಬ್ರಶ್ಶು, ಪಕ್ಕದಲ್ಲಿ ಬಿಳಿ ಪೇಂಟಿನ ಡಬ್ಬಿ. "ಹಿಂದೆ ಟ್ರ್ಯಾಕ್ಟರ್ ಬರುತ್ತಲ್ಲೋ, ಅದಕ್ಕೆ ಕಾಣ್ಲಿ" ಅಂದರು.